ನೇತ್ರಾಣಿ ನೀರಿಂದ ಏಳು ಡಿಗ್ರಿ ನೀರಿಗೆ: ಚಳಿ, ಗಾಬರಿ, ನಾರ್ಕೋಸಿಸ್ ಮೂರನ್ನೂ ಸಂಭಾಳಿಸೋದು ಹೇಗೆ

ಹೋದ ವಾರ ಸಿರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ. ಎರಡು ಸೀಸನ್ ನನ್ನ ಜೊತೆ ಮುರ್ಡೇಶ್ವರದ ಹತ್ರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್ ಮಾಡಿದಾನೆ, ಅಡ್ವಾನ್ಸ್ಡ್ ಕೋರ್ಸೂ ಮುಗಿಸಿದಾನೆ, ಈಗ ಓದೋಕೆ ನಾರ್ವೆಗೆ ಹೊರಟಿದಾನೆ. "ಮಾವ, ಅಲ್ಲಿ ನೀರು ಏಳು ಡಿಗ್ರಿ ಅಂತೆ, ದಪ್ಪ ಸೂಟ್ ಹಾಕ್ಕೊಂಡ್ರೆ ಆಯ್ತಲ್ವಾ, ಬಾಕಿ ಎಲ್ಲ ಒಂದೇ ಅಲ್ವಾ?" ಅಂದ. ಒಂದೇ ಅಲ್ಲ ಅಂತ ಹೇಳೋಕೆ ಹೋಗಿ ಒಂದು ಗಂಟೆ ಮಾತಾಡಿದೆ, ಆದ್ರೂ ಅರ್ಧ ಉಳೀತು. ನಮ್ಮ ಕಾರವಾರ, ಅಂಕೋಲಾ, ಭಟ್ಕಳ ಕಡೆ ಹುಡುಗರು ಈಗ ಹಡಗು, ಆಫ್‌ಶೋರ್, ಓದು ಅಂತ ತಣ್ಣೀರಿನ ದೇಶಗಳಿಗೆ ಹೋಗಿ ಅಲ್ಲಿ ಡೈವ್ ಮಾಡ್ತಿದಾರೆ, ಅದಕ್ಕೆ ಪೂರ್ತಿ ಬರೆದೇ ಇಡೋಣ ಅಂತ ಕೂತಿದೀನಿ. ಡ್ರೈಸೂಟ್ (ಒಳಗೆ ನೀರು ಬರದ ಸೂಟ್) ಕೋರ್ಸ್ ಬದಲಿಗೆ ಇದನ್ನ ಓದ್ಬೇಡಿ, ಕೋರ್ಸ್ ಮಾಡೇ ಮಾಡಿ. ಕೋರ್ಸಲ್ಲಿ ಗಡಿಬಿಡಿಯಲ್ಲಿ ಹೇಳಿ ಮುಗಿಸೋ ಭಾಗವನ್ನ ನಾನಿಲ್ಲಿ ನಿಧಾನಕ್ಕೆ ಹೇಳ್ತೀನಿ.

ಮೊದಲು, ಮೈಯೊಳಗೆ ಏನಾಗ್ತದೆ

ನೇತ್ರಾಣಿಯಲ್ಲಿ ಸೀಸನ್ ಟೈಮಲ್ಲಿ ನೀರು 27ರಿಂದ 30 ಡಿಗ್ರಿ ಹತ್ರ ಇರ್ತದೆ. ಮುರ್ಡೇಶ್ವರದಿಂದ ಬೋಟಲ್ಲಿ ಬಿಸಿಲು ತಿಂದು ಹೋಗಿ ತೆಳು ಸೂಟಲ್ಲಿ ಹಾರಿದ್ರೆ ಮೈಗೆ ಹಾಯ್ ಅನ್ನಿಸ್ತದೆ, ಉಸಿರು ತನ್ನಷ್ಟಕ್ಕೇ ಇಳೀತದೆ. 15 ಡಿಗ್ರಿಗಿಂತ ಕೆಳಗಿನ ನೀರಲ್ಲಿ ಇದು ತಿರುಗಾ ಮುರುಗಾ. ಚರ್ಮಕ್ಕೆ ತಣ್ಣೀರು ತಾಗಿದ ಕೂಡ್ಲೇ ಉಸಿರು ಗಕ್ಕನೆ ಒಳಗೆ ಎಳ್ಕೊಳ್ತದೆ, ಆಮೇಲೆ ಏದುಸಿರು, ಎದೆ ಢವಢವ, ಬಿಪಿ ಏರಿಕೆ. ಇದಕ್ಕೆ ಕೋಲ್ಡ್ ಶಾಕ್ ಅಂತಾರೆ. ಜೋರು ಇರೋದು ಮೊದಲ ಅರ್ಧ ನಿಮಿಷ, ಎರಡು ಮೂರು ನಿಮಿಷದಲ್ಲಿ ಇಳೀತದೆ. ಇಲ್ಲಿ ಒಂದು ವಿಷಯ ಗಮನಿಸಿ, ಏದುಸಿರು, ಎದೆಬಡಿತ, ಎದೆ ಬಿಗಿಯೋದು, ಇವು ಭಯ ಆದಾಗ ಆಗೋದೂ ಹೌದು. ಮನಸ್ಸಿಗೆ ಹೆದರೋಕೆ ಏನೂ ಕಾರಣ ಇರಲ್ಲ, ಆದ್ರೆ ಮೈ ಹೆದರಿದ ಹಾಗೆ ಆಡ್ತದೆ, ಅದನ್ನ ನೋಡಿ ಮನಸ್ಸು "ಏನೋ ಆಗಿದೆ" ಅಂತ ನಿಜವಾಗ್ಲೂ ಹೆದರ್ತದೆ. ತಣ್ಣೀರಿನ ಗಾಬರಿ ಸುಮಾರು ಸಲ ಹೀಗೇ ಮೈಯಿಂದ ಮನಸ್ಸಿಗೆ ಹತ್ತೋದು.

ಎರಡನೇದು ಕಾರ್ಬನ್ ಡೈಆಕ್ಸೈಡ್. ನನ್ನ ಪ್ರಕಾರ ಇಡೀ ಕಥೆಯಲ್ಲಿ ದೊಡ್ಡ ಪಾತ್ರ ಇದರದ್ದೇ, ಮಾತಾಡೋರು ಮಾತ್ರ ಕಮ್ಮಿ. 30 ಮೀಟರ್‌ನಲ್ಲಿ ಒತ್ತಡ ಮೇಲಿನ ನಾಲ್ಕು ಪಟ್ಟು, ಅಂದ್ರೆ ಉಸಿರಾಡೋ ಗಾಳಿನೂ ನಾಲ್ಕು ಪಟ್ಟು ದಟ್ಟ, ಲೀಟರಿಗೆ ಸುಮಾರು 5 ಗ್ರಾಂ. ಗಾಳಿಯ ದಟ್ಟಣೆ ಲೀಟರಿಗೆ 5.2 ಗ್ರಾಂ ದಾಟದೆ ಇದ್ರೆ ಒಳ್ಳೇದು, 6.2 ದಾಟಲೇಬಾರದು ಅಂತ ಡೈವಿಂಗ್ ಸಂಶೋಧಕರು ಹೇಳ್ತಾರೆ, ಅಂದ್ರೆ ಸಾದಾ ಗಾಳಿಯಲ್ಲಿ 30 ಮೀಟರ್ ಹತ್ರವೇ ಮೊದಲ ಗೆರೆ ಬಂದ್ಬಿಡ್ತದೆ. ಅಷ್ಟು ದಟ್ಟ ಗಾಳಿಯನ್ನ ಚಳಿಗೆ ನಡುಗ್ತಾ ಪುಸುಪುಸು ಅಂತ ಮೇಲುಮೇಲೆ ಉಸಿರಾಡಿದ್ರೆ ಹಳೇ ಗಾಳಿ ಪೂರ್ತಿ ಹೊರಗೆ ಹೋಗಲ್ಲ, ಕಾರ್ಬನ್ ಡೈಆಕ್ಸೈಡ್ ಒಳಗೇ ಸೇರ್ಕೊಳ್ತದೆ. ಅದು ಸೇರಿದ್ರೆ "ಗಾಳಿ ಸಾಲ್ತಿಲ್ಲ" ಅನ್ನೋ ಭಾವನೆ ಬರ್ತದೆ, ಗಾಬರಿ ಏರ್ತದೆ, ಜೊತೆಗೆ ಅದಕ್ಕೇ ಸ್ವಂತ ಅಮಲೂ ಇದೆ.

ಮೂರನೇದು ನೈಟ್ರೋಜನ್ ಅಮಲು, ಅಂದ್ರೆ ನಾರ್ಕೋಸಿಸ್. ಆಳದ ಈ ಮಂಕಿಗೆ ನೈಟ್ರೋಜನ್ ಕಾರಣ ಅಂತ 1935ರಲ್ಲಿ ಅಮೆರಿಕ ನೌಕಾಪಡೆಯ ಡಾಕ್ಟರ್ ಆಲ್ಬರ್ಟ್ ಬೆಂಕೆ (Behnke) ಮತ್ತೆ ಜೊತೆಗಾರರು ಹೇಳಿದ್ರು. ಸಾಮಾನ್ಯವಾಗಿ 30 ಮೀಟರ್ ಹತ್ರ ಗೊತ್ತಾಗೋಕೆ ಶುರು, ಕೆಲವರಿಗೆ ಸ್ವಲ್ಪ ಮೊದಲೇ. ಬೆಚ್ಚಗಿನ ತಿಳಿ ನೀರಲ್ಲಿ ಇದು ಖುಷಿಯಾಗಿ ಬರ್ತದೆ, ನಗು ಬರ್ತದೆ. ಕತ್ತಲೆ ತಣ್ಣೀರಲ್ಲಿ ಅದೇ ಅಮಲು ಅನುಮಾನವಾಗಿ, ದಿಗಿಲಾಗಿ ಬರ್ತದೆ. ಚಳಿ ನೇರವಾಗಿ ನೈಟ್ರೋಜನ್ ಅಮಲನ್ನ ಇಷ್ಟು ಏರಿಸ್ತದೆ ಅಂತ ಅಳೆದು ತೋರ್ಸೋದು ಕಷ್ಟ. ಆದ್ರೆ ಚಳಿ ಉಸಿರನ್ನ ಕೆಡಿಸ್ತದೆ, ಕೆಟ್ಟ ಉಸಿರು ಕಾರ್ಬನ್ ಡೈಆಕ್ಸೈಡ್ ಏರಿಸ್ತದೆ, ಅದು ಗಾಬರಿ ಅಮಲು ಎರಡನ್ನೂ ಏರಿಸ್ತದೆ, ಈ ದಾರಿಯಂತೂ ಸ್ಪಷ್ಟ. 1960ರ ದಶಕದಲ್ಲಿ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಆಲನ್ ಬ್ಯಾಡ್ಲಿ ಕೈಕೆಲಸದ ಪರೀಕ್ಷೆಯನ್ನ ಒಣ ಪ್ರೆಶರ್ ಚೇಂಬರ್‌ನಲ್ಲೂ ತೆರೆದ ಸಮುದ್ರದಲ್ಲೂ ಮಾಡಿಸಿ ನೋಡಿದ್ರು, ಅಷ್ಟೇ ಒತ್ತಡದಲ್ಲಿ ಸಮುದ್ರದಲ್ಲಿ ಡೈವರ್‌ಗಳ ಕೈ ಜಾಸ್ತಿ ತಡವರಿಸ್ತು. ಆ ವ್ಯತ್ಯಾಸದಲ್ಲಿ ಗಾಬರಿದೂ ಪಾಲಿದೆ ಅನ್ನೋದು ಆಮೇಲಿನ ಕೆಲಸಗಳಲ್ಲಿ ಬಂತು. ಇನ್ನೊಂದು ಅಪಾಯದ ವಿಷಯ: ಅಮಲಲ್ಲಿ ಇರುವವನಿಗೆ ನಡುಕ ಕಮ್ಮಿ ಆಗ್ತದೆ, ಚಳಿ ಅಷ್ಟಾಗಿ ಗೊತ್ತಾಗಲ್ಲ, ಮೈ ಮಾತ್ರ ತಣ್ಣಗಾಗ್ತಾನೇ ಇರ್ತದೆ. ಹಾಗಾಗಿ ಆಳದಲ್ಲಿ "ಈಗ ಚಳಿ ಇಲ್ಲ, ಅಡ್ಜಸ್ಟ್ ಆಯ್ತು" ಅನ್ನಿಸಿದ್ರೆ ಅದನ್ನ ನಂಬಬೇಡಿ.

ಇದರಿಂದ ನಾನು ಕಲಿತ ಒಂದೇ ಮಾತು, ನೇತ್ರಾಣಿಯಲ್ಲಿ ನೀವು ಸಂಪಾದಿಸಿದ ಆಳ ತಣ್ಣೀರಿಗೆ ನಿಮ್ಮ ಜೊತೆ ಬರಲ್ಲ, ಅಲ್ಲಿ ಮತ್ತೆ ಹತ್ತು ಮೀಟರಿಂದ ಶುರು ಮಾಡ್ಬೇಕು.

ಹೆಜ್ಜೆ 1: ಹೊರಡೋ ಮೂರು ವಾರ ಮೊದಲು, ಮನೆ ಹಿತ್ಲಲ್ಲಿ ಐಸ್ ಡ್ರಮ್

ಕೋಲ್ಡ್ ಶಾಕ್ ಅಭ್ಯಾಸದಿಂದ ಇಳೀತದೆ, ಇದು ಖಾತ್ರಿ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ಯುನಿವರ್ಸಿಟಿಯ ಮೈಕ್ ಟಿಪ್ಟನ್ ತಂಡ ವರ್ಷಗಟ್ಟಲೆ ಇದೇ ಕೆಲಸ ಮಾಡಿದೆ, ಎರಡು ಮೂರು ನಿಮಿಷದ ತಣ್ಣೀರು ಮುಳುಗು ಐದಾರು ಸಲ ಆದ್ರೆ ಆ ಏದುಸಿರು ಹೆಚ್ಚುಕಡಿಮೆ ಅರ್ಧಕ್ಕೆ ಬರ್ತದೆ, ಪರಿಣಾಮ ತಿಂಗಳುಗಟ್ಟಲೆ ಉಳೀತದೆ.

ನಮ್ಮೂರಲ್ಲಿ ತಣ್ಣೀರು ಎಲ್ಲಿ ಅಂತ ಕೇಳ್ತೀರಿ. ಬಾವಿ ನೀರು ಉಪಯೋಗ ಇಲ್ಲ, ಸಿರ್ಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾವಿಯಿಂದ ಸೇದಿದ ನೀರು ಬೆಚ್ಚಗೇ ಇರ್ತದೆ. ನಾನು ಮಾಡಿದ್ದು ಹೀಗೆ: ಬೈತಖೋಲ ಬಂದರಲ್ಲಿ ಮೀನಿಗೆ ಹಾಕೋ ಐಸ್ ಗಡ್ಡೆ ಸಿಗ್ತದೆ, ಅದನ್ನ ಗೋಣಿಚೀಲದಲ್ಲಿ ತಂದು 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಕಲಕಿ, ಥರ್ಮಾಮೀಟರಲ್ಲಿ ನೋಡಿ 14-15 ಡಿಗ್ರಿಗೆ ತಂದೆ. ಮೊದಲ ದಿನ ಇನ್ನೂ ತಣ್ಣಗೆ ಬೇಡ. ಎದೆಮಟ್ಟ ಇಳಿದು ಮೂರು ನಿಮಿಷ, ತಲೆ ಮುಳುಗಿಸೋದಿಲ್ಲ. ಇಳಿದ ಕೂಡ್ಲೇ ಮಾಡೋ ಕೆಲಸ ಒಂದೇ, ಉಸಿರು ಬಿಡೋದು. ಎಳ್ಕೊಳ್ಳೋದು ತಾನಾಗೇ ಆಗ್ತದೆ, ನೀವು ಬಾಯಿ ಸಣ್ಣ ಮಾಡಿ ಐದು ಆರು ಎಣಿಸೋವರೆಗೆ ಉದ್ದಕ್ಕೆ ಬಿಡಿ. ಮೊದಲ ದಿನ ಎರಡು ಎಣಿಸೋಕೂ ಆಗಲ್ಲ, ನನಗೂ ಆಗಿಲ್ಲ, ಐದನೇ ದಿನಕ್ಕೆ ಆಯ್ತು. ಒಂದಿನ ಬಿಟ್ಟು ಒಂದಿನ ಮಾಡಿದ್ರೆ ಎರಡು ವಾರದಲ್ಲಿ ಆರೇಳು ಸಲ ಆಗ್ತದೆ.

ಒಬ್ಬರೇ ಮಾಡ್ಬೇಡಿ, ಪಕ್ಕದಲ್ಲಿ ಯಾರಾದ್ರೂ ನಿಂತಿರ್ಲಿ. ಬಿಪಿ, ಹಾರ್ಟ್, ಅಸ್ತಮಾ ಇದ್ರೆ ಡಾಕ್ಟರ್ ಕೇಳದೆ ಡ್ರಮ್ಮಿಗೂ ಇಳೀಬೇಡಿ, ತಣ್ಣೀರಿನ ಡೈವಿಗೂ ಹೋಗ್ಬೇಡಿ. ಮೈಗೆ ತಾಗಿದ ಚಳಿ ಹೃದಯವನ್ನ ಓಡಿಸ್ತದೆ, ಮುಖ ನೀರಲ್ಲಿ ಮುಳುಗಿದ್ರೆ ಅದೇ ಹೃದಯ ನಿಧಾನ ಆಗ್ಬೇಕು ಅನ್ನೋ ಆಜ್ಞೆ ಹೋಗ್ತದೆ, ಎರಡೂ ಒಟ್ಟಿಗೆ ಎಳೆದಾಗ ಬಡಿತದ ತಾಳ ತಪ್ಪೋ ಸಾಧ್ಯತೆ ಇದೆ.

ಹೆಜ್ಜೆ 2: ಸಾಮಾನು

ಎಲ್ಲ ಪಟ್ಟಿ ಮಾಡಲ್ಲ, ಮನಸ್ಸಿಗೆ ಸಂಬಂಧ ಇರೋದನ್ನ ಮಾತ್ರ ಹೇಳ್ತೀನಿ. ವೆಟ್‌ಸೂಟಿನ ನಿಯೋಪ್ರಿನ್ ರಬ್ಬರ್ ಒಳಗಿರೋದು ಗಾಳಿ ಗುಳ್ಳೆ, ಆಳಕ್ಕೆ ಹೋದ ಹಾಗೆ ಅದು ಅಪ್ಪಚ್ಚಿ ಆಗ್ತದೆ, 7 ಮಿಲಿಮೀಟರ್ ಸೂಟ್ 30 ಮೀಟರ್‌ನಲ್ಲಿ 7 ಮಿಲಿಮೀಟರ್ ಆಗಿ ಉಳಿಯಲ್ಲ. ಅಮಲು ಶುರುವಾಗೋ ಜಾಗದಲ್ಲೇ ಸೂಟ್ ಕೈಕೊಡ್ತದೆ. ಅದಕ್ಕೆ 10 ಡಿಗ್ರಿ ಕೆಳಗೆ ಡ್ರೈಸೂಟ್, ಒಳಗೆ ದಪ್ಪ ಬಟ್ಟೆ.

ಹುಡ್ ಬಿಡಲೇಬೇಡಿ. ಒಂದು ಕಿವಿಗೆ ಮಾತ್ರ ತಣ್ಣೀರು ಫಕ್ಕನೆ ನುಗ್ಗಿದ್ರೆ ತಲೆ ಗಿರ್ರನೆ ತಿರುಗ್ತದೆ, ಕಾರಣ ಗೊತ್ತಿಲ್ಲದವನಿಗೆ ಅಲ್ಲೇ ಪ್ಯಾನಿಕ್. ಗ್ಲೌಸ್ ದಪ್ಪ ಇರೋದ್ರಿಂದ ಬಟನ್, ಕ್ಲಿಪ್ ಯಾವುದೂ ಮೊದಲಿನ ಹಾಗೆ ಸಿಗಲ್ಲ, ಮನೆಯಲ್ಲಿ ಟಿವಿ ನೋಡ್ತಾ ಗ್ಲೌಸ್ ಹಾಕ್ಕೊಂಡು ಗಾಳಿ ತುಂಬೋ ಇನ್‌ಫ್ಲೇಟರ್, ಮಾಸ್ಕ್ ಪಟ್ಟಿ, ಕ್ಲಿಪ್ ಎಲ್ಲ ಕಣ್ಣು ಮುಚ್ಚಿ ಹಿಡಿದು ಅಭ್ಯಾಸ ಮಾಡಿ. ರೆಗ್ಯುಲೇಟರ್ (ಸಿಲಿಂಡರಿಂದ ಬಾಯಿಗೆ ಗಾಳಿ ಕೊಡೋ ಸಾಧನ) ತಣ್ಣೀರಿಗೆ ಅಂತಲೇ ಮಾಡಿದ್ದು ಇರ್ಬೇಕು, ಅದರ ಫಸ್ಟ್ ಸ್ಟೇಜ್, ಅಂದ್ರೆ ಸಿಲಿಂಡರಿಗೆ ಕೂರೋ ಭಾಗ, ಸೀಲ್ ಆಗಿರೋದು. ನೇತ್ರಾಣಿಗೆ ಒಯ್ಯೋದನ್ನೇ ಪ್ಯಾಕ್ ಮಾಡ್ಬೇಡಿ.

ಹೆಜ್ಜೆ 3: ಹಿಂದಿನ ರಾತ್ರಿ ಮತ್ತು ಬೆಳಿಗ್ಗೆ

ನಿದ್ದೆ ಪೂರ್ತಿ, ಎಣ್ಣೆ ಬೇಡವೇ ಬೇಡ. ನಮ್ಮ ಕಡೆಯವರು ವಿಶೇಷವಾಗಿ ಕೇಳ್ಬೇಕಾದ್ದು ಬೋಟ್ ವಾಂತಿ ಮಾತ್ರೆ ವಿಷಯ. ನೇತ್ರಾಣಿ ಬೋಟ್ ಹತ್ತೋ ಮೊದಲು ಅವೋಮಿನ್ ನುಂಗೋದು ನಮಗೆಲ್ಲ ಮಾಮೂಲಿ. ಅದು ನಿದ್ದೆ ಬರಿಸೋ ಜಾತಿಯ ಮಾತ್ರೆ, ಆಳದ ಅಮಲಿನ ಮೇಲೆ ಅದರ ಮಂಕೂ ಕೂತ್ಕೊಳ್ತದೆ. ಆಳದ ಡೈವ್ ದಿನ ನಿದ್ದೆ ಬರಿಸೋ ಯಾವುದೇ ಮಾತ್ರೆ ಬೇಡ, ತೀರಾ ಬೇಕಾದ್ರೆ ಡಾಕ್ಟರ್ ಹತ್ರ ಬೇರೆ ದಾರಿ ಕೇಳಿ, ಇಲ್ಲಾಂದ್ರೆ ಅವತ್ತು ಹನ್ನೆರಡು ಮೀಟರಲ್ಲಿ ಇರಿ.

ಬೆಳಿಗ್ಗೆ ಹೊಟ್ಟೆಗೆ ಹಾಕ್ಕೊಳ್ಳಿ, ನೀರು ಕುಡೀರಿ. ತಣ್ಣೀರಲ್ಲಿ ಮೂತ್ರ ಜಾಸ್ತಿ ಬರ್ತದೆ ಅಂತ ಕೆಲವರು ನೀರೇ ಬಿಡ್ತಾರೆ, ತಪ್ಪು. ಸೂಟ್ ಹಾಕೋವಾಗ ಗಡಿಬಿಡಿ ಮಾಡಿ ಬೆವರ್ಬೇಡಿ, ಒಳಬಟ್ಟೆ ಒದ್ದೆಯಾದ್ರೆ ಕೆಳಗೆ ಅದೇ ಚಳಿ.

ಹೆಜ್ಜೆ 4: ಗಾಳಿ ಲೆಕ್ಕ ಪೇಪರ್ ಮೇಲೆ

ಇದನ್ನ ಮಾಡಿದವನಿಗೆ ಕೆಳಗೆ ಅರ್ಧ ಭಯ ಕಮ್ಮಿ. ನಾವು ಬಳಸೋ ಅಲ್ಯೂಮಿನಿಯಂ 80 ಸಿಲಿಂಡರಲ್ಲಿ ಸುಮಾರು 2200 ಲೀಟರ್ ಗಾಳಿ. ನೀರ ಮೇಲೆ ನಿಮಿಷಕ್ಕೆ 20 ಲೀಟರ್ ಬಳಸೋನು 30 ಮೀಟರಲ್ಲಿ 80 ಬಳಸ್ತಾನೆ, 27 ನಿಮಿಷಕ್ಕೆ ಸಿಲಿಂಡರ್ ಖಾಲಿ. ಅದೇ ಮನುಷ್ಯ ಚಳಿಗೆ ಗಾಬರಿಗೆ 50 ಲೀಟರ್ ಉಸಿರಾಡಿದ್ರೆ ಅಲ್ಲಿ 200, ಹನ್ನೊಂದು ನಿಮಿಷ.

ಈಗ ವಾಪಸ್ ಬರೋ ಲೆಕ್ಕ. ಬಡಿ, ಅಂದ್ರೆ ಜೊತೆಗೆ ಇಳಿದ ಡೈವರ್, ಅವನ ರೆಗ್ಯುಲೇಟರ್ ಕೈಕೊಟ್ಟಿದೆ, ಇಬ್ಬರೂ ನಿಮ್ಮ ಗಾಳಿಯಲ್ಲಿ, ಇಬ್ಬರಿಗೂ ಟೆನ್ಷನ್, ತಲಾ 40 ಲೀಟರ್ ಅಂತ ಇಟ್ಕೊಳ್ಳಿ, ಒಟ್ಟು 80. ಕೆಳಗೆ ಸಂಭಾಳಿಸೋಕೆ ಒಂದು ನಿಮಿಷ, 320 ಲೀಟರ್. ಮೇಲೆ ಬರೋಕೆ ಮೂರೂವರೆ ನಿಮಿಷ, ಸರಾಸರಿ ಎರಡೂವರೆ ಪಟ್ಟು ಒತ್ತಡ, 700 ಲೀಟರ್. ಒಟ್ಟು 1020 ಲೀಟರ್, ಆ ಸಿಲಿಂಡರಿನ ಗೇಜಿನ ಒತ್ತಡದ ಲೆಕ್ಕದಲ್ಲಿ ಹೆಚ್ಚುಕಡಿಮೆ 92 ಬಾರ್. ಇದರಲ್ಲಿ ಮೇಲೆ ಬರೋ ದಾರಿಯಲ್ಲಿ ನಿಲ್ಲೋ ಸೇಫ್ಟಿ ಸ್ಟಾಪ್ ಸೇರಿಲ್ಲ! ಅಂದ್ರೆ 30 ಮೀಟರಿಂದ 100 ಬಾರ್ ತೋರ್ಸೋ ಮೊದಲೇ ಹೊರಟಿರ್ಬೇಕು. ನೇತ್ರಾಣಿಯಲ್ಲಿ 50 ಬಾರಿಗೆ ಮೇಲೆ ಬಂದು ರೂಢಿ ಆದವರು ಇದನ್ನ ಎರಡು ಸಲ ಓದಿ.

ನೈಟ್ರಾಕ್ಸ್, ಅಂದ್ರೆ ಆಕ್ಸಿಜನ್ ಜಾಸ್ತಿ ಇರೋ ಗಾಳಿ, ಹಾಕಿದ್ರೆ ಅಮಲು ಬರಲ್ಲ ಅಂತ ಹೇಳೋರಿದಾರೆ. ನೆಚ್ಕೋಬೇಡಿ, ಆಕ್ಸಿಜನ್ನಿಗೂ ಅಮಲಿನ ಗುಣ ಇದೆ ಅಂತಲೇ ಹಿಡಿದು ಪ್ಲಾನ್ ಮಾಡೋದು ಕ್ಷೇಮ. ಅಮಲು ನಿಜವಾಗಿ ಕಮ್ಮಿ ಮಾಡೋದು ಹೀಲಿಯಂ, ಅದಕ್ಕೆ ಬೇರೆ ಟ್ರೇನಿಂಗ್ ಬೇಕು.

ಹೆಜ್ಜೆ 5: ನೀರಿಗಿಳಿದ ಮೊದಲ ಮೂರು ನಿಮಿಷ

ಹಾರಿ ನೇರ ಕೆಳಗೆ ಹೋಗೋದು ನಮ್ಮ ಅಭ್ಯಾಸ. ಇಲ್ಲಿ ಬೇಡ. ಇಳಿಯೋ ಮೊದಲೇ ಕೈಯಲ್ಲಿ ನೀರು ತಗೊಂಡು ಮುಖಕ್ಕೆ, ತುಟಿಗೆ, ಹಣೆಗೆ ಹಾಕ್ಕೊಳ್ಳಿ. ಡ್ರೈಸೂಟಲ್ಲಿ ಮೈ ಒದ್ದೆ ಆಗಲ್ಲ, ಚಳಿ ನೇರ ತಾಗೋದು ಮುಖಕ್ಕೇ, ಹಣೆ ಒಡೆದು ಹೋಗೋ ಹಾಗೆ ನೋಯ್ತದೆ, ಒಂದು ನಿಮಿಷದಲ್ಲಿ ಮರಗಟ್ಟಿ ಸರಿ ಹೋಗ್ತದೆ. ಆಮೇಲೆ ನೀರಿಗಿಳಿದು ಬಿಸಿಡಿ (ಗಾಳಿ ತುಂಬೋ ಜಾಕೆಟ್) ಉಬ್ಬಿಸಿಕೊಂಡು ಹಗ್ಗ ಹಿಡಿದು ತೇಲ್ತಾ ಪೂರ್ತಿ ಮೂರು ನಿಮಿಷ, ಡ್ರಮ್ಮಲ್ಲಿ ಕಲಿತ ಉದ್ದ ಉಸಿರು. ಬಡಿ ಹತ್ರ ನಾಲ್ಕು ಮಾತಾಡಿ. ಒಂದು ಪೂರ್ತಿ ವಾಕ್ಯ ಮಧ್ಯೆ ಉಸಿರು ಎಳೆಯದೆ ಹೇಳೋಕೆ ಆಗ್ತಾ ಇದ್ರೆ ಇಳೀಬಹುದು, ಆಗ್ತಿಲ್ಲಾಂದ್ರೆ ಇನ್ನೂ ಕಾಯಿರಿ. ಐದು ನಿಮಿಷಕ್ಕೂ ಸರಿ ಹೋಗಿಲ್ಲಾಂದ್ರೆ ಅವತ್ತಿನ ಡೈವ್ ಇಲ್ಲ. ಬೋಟಲ್ಲಿ ಯಾರು ಏನಂದ್ಕೊಂಡ್ರೂ ಪರವಾಗಿಲ್ಲ.

ಹೆಜ್ಜೆ 6: ಇಳಿಯೋದು, ಬೆರಳ ಪರೀಕ್ಷೆ

ಹಗ್ಗದ ಗುಂಟ ನಿಧಾನ. ಐದು ಮೀಟರಲ್ಲಿ ನಿಂತು ಗುಳ್ಳೆ ಸೋರಿಕೆ ನೋಡಿ, ಹತ್ತರಲ್ಲಿ ಒಮ್ಮೆ, ಇಪ್ಪತ್ತರಲ್ಲಿ ಒಮ್ಮೆ ನಿಂತು ಮೂರು ಉದ್ದ ಉಸಿರು. ವೇಗವಾಗಿ ಇಳಿದ್ರೆ ಅಮಲು ಒಮ್ಮೆಲೇ ಬಂದು ಹೊಡೀತದೆ. ಥರ್ಮೋಕ್ಲೈನ್ ಇದ್ರೆ, ಅಂದ್ರೆ ಚಳಿಯ ಬೇರೆ ಪದರ ಸಿಕ್ಕಿದ್ರೆ, ಅದರ ಬಾಗಿಲಲ್ಲೇ ನಿಂತು ಉಸಿರು ಸರಿ ಮಾಡ್ಕೊಂಡು ಆಮೇಲೆ ಒಳಗೆ ಹೋಗಿ. ನಮ್ಮಲ್ಲೂ ಮಳೆಗಾಲ ಮುಗಿದ ಹೊಸದರಲ್ಲಿ, ಅಕ್ಟೋಬರ್ ಹೊತ್ತಿಗೆ, ಕೆಳಗಿಂದ ತಂಪು ನೀರು ಎದ್ದು ಬಂದಿರ್ತದೆ, ಅದನ್ನ ಬೈಯ್ಬೇಡಿ, ಅದರಲ್ಲೇ ಈ ಅಭ್ಯಾಸ ಮಾಡ್ಕೊಳ್ಳಿ.

ಇಪ್ಪತ್ತು ದಾಟಿದ ಮೇಲೆ ಪ್ರತಿ ಎರಡು ಮೂರು ನಿಮಿಷಕ್ಕೆ ಬಡಿಗೆ ಬೆರಳು ತೋರ್ಸಿ, ಅವನು ಅದಕ್ಕೆ ಒಂದು ಸೇರಿಸಿ ವಾಪಸ್ ತೋರಿಸ್ಬೇಕು. ಎರಡಕ್ಕೆ ಮೂರು, ನಾಲ್ಕಕ್ಕೆ ಐದು. ಇದು ಯಾಕೆ ಅಂತ ನನ್ನ ಅನುಭವ ಹೇಳ್ತೀನಿ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳ ನಡುವೆ ಸ್ಕಾಪಾ ಫ್ಲೋ ಅಂತ ಇದೆ, 1919ರ ಜೂನ್ 21ರಂದು ಜರ್ಮನ್ ಯುದ್ಧನೌಕೆಗಳನ್ನ ಅವರೇ ಮುಳುಗಿಸಿದ ಜಾಗ. ನಾನು ಅಬರ್ಡೀನ್‌ನಲ್ಲಿ ಕೆಲಸಕ್ಕಿದ್ದಾಗ ಒಂದು ಏಪ್ರಿಲಲ್ಲಿ ಅಲ್ಲಿಗೆ ಹೋಗಿದ್ದೆ. ನೇತ್ರಾಣಿಯಲ್ಲಿ ಅಷ್ಟು ಡೈವ್ ಆಗಿದೆ, ಡ್ರೈಸೂಟ್ ಕೋರ್ಸ್ ಆಗಿದೆ ಅನ್ನೋ ಧೈರ್ಯ. ನೀರು 8 ಡಿಗ್ರಿ. ಅಲೆ ಇತ್ತು ಅಂತ ಬೆಳಿಗ್ಗೆ ವಾಂತಿ ಮಾತ್ರೆ ತಗೊಂಡಿದ್ದೆ, ಸೂಟ್ ಹಾಕೋವಾಗ ಬೆವರಿದ್ದೆ, ಮೇಲೆ ನಿಲ್ಲದೆ ನೇರ ಇಳಿದೆ. ಕೋಲ್ನ್ ಅನ್ನೋ ಕ್ರೂಸರ್ ಪಕ್ಕ 33 ಮೀಟರಲ್ಲಿ ನನಗೆ ರೆಗ್ಯುಲೇಟರ್ ಗಾಳಿ ಕೊಡ್ತಿಲ್ಲ ಅಂತ ಖಾತ್ರಿ ಆಗಿ ಹೋಯ್ತು. ಅದು ಸರಿಯಾಗೇ ಇತ್ತು. ಗೇಜ್ ನೋಡಿದೆ, ಅಂಕಿ ಕಾಣ್ತು, ಅದರ ಅರ್ಥ ಮಾತ್ರ ತಲೆಗೆ ಹೋಗ್ಲಿಲ್ಲ. ಬಡಿ ಮೂರು ಸಲ ಓಕೆನಾ ಅಂತ ಕೇಳಿದ, ಮೂರು ಸಲವೂ ಓಕೆ ಅಂದೆ, ಕೈ ತಾನಾಗೇ ಓಕೆ ತೋರಿಸ್ತು. ಆಮೇಲೆ ಅವನು ಎರಡು ಬೆರಳು ತೋರಿಸಿದ. ನಾನೂ ಎರಡೇ ತೋರಿಸಿದೆ. ಕೂಡ್ಲೇ ನನ್ನ ತೋಳು ಹಿಡಿದು ಹೆಬ್ಬೆರಳು ಮೇಲೆ ಮಾಡಿದ, ಮೇಲೆ ಹೋಗೋಣ ಅನ್ನೋ ಸನ್ನೆ, ಇಬ್ಬರೂ ಹೊರಟ್ವಿ. 24 ಮೀಟರಿಗೆ ಬರೋವಾಗ ಗೇಜ್ ಅಂಕಿಗೆ ಅರ್ಥ ಬಂತು, ತಲೆ ತೊಳೆದ ಹಾಗಾಯ್ತು. ಏದುಸಿರು ಮಾತ್ರ 10 ಮೀಟರ್ ತನಕ ಹೋಗ್ಲಿಲ್ಲ.

ಆ ಎರಡು ಬೆರಳು ಇವತ್ತಿಗೂ ನೆನಪಾಗ್ತದೆ. ಅಮಲಿನವನ ಓಕೆಗೆ ಬೆಲೆ ಇಲ್ಲ, ಲೆಕ್ಕ ಕೇಳಿದ್ರೆ ಮಾತ್ರ ಗೊತ್ತಾಗೋದು.

ಹೆಜ್ಜೆ 7: ಕೆಳಗೆ ಏನೋ ಸರಿ ಇಲ್ಲ ಅನ್ನಿಸಿದಾಗ

ಚಳಿಯಾ, ಗಾಬರಿಯಾ, ಅಮಲಾ ಅಂತ ಅಲ್ಲೇ ಕೂತು ವಿಚಾರ ಮಾಡ್ಬೇಡಿ, ವಿಚಾರ ಮಾಡೋ ತಲೆಯೇ ಆಗ ಸರಿ ಇರಲ್ಲ. ಕೆಲಸ ನಿಲ್ಸಿ, ಫಿನ್ ನಿಲ್ಸಿ, ಹಗ್ಗನೋ ಕಲ್ಲನ್ನೋ ಹಿಡೀರಿ. ಮೊದಲು ಉಸಿರು ಪೂರ್ತಿ ಹೊರಗೆ ಬಿಡಿ, ಎಳೆಯೋದಲ್ಲ ಬಿಡೋದು. ಹೀಗೆ ಮೂರು ಸಲ. ಬಡಿಗೆ ಸಿಗ್ನಲ್ ಮಾಡಿ ಇಬ್ಬರೂ ಒಟ್ಟಿಗೆ ಆರರಿಂದ ಹತ್ತು ಮೀಟರ್ ಮೇಲೆ ಬನ್ನಿ, ಮಾಮೂಲಿ ವೇಗದಲ್ಲಿ. ಅಮಲಾಗಿದ್ರೆ ಒಂದೆರಡು ನಿಮಿಷದಲ್ಲಿ ತಿಳಿಯಾಗ್ತದೆ. ಮಂಕು ಹೋಗಿ ಏದುಸಿರು ಉಳಿದ್ರೆ ಅದು ಕಾರ್ಬನ್ ಡೈಆಕ್ಸೈಡ್ ಮತ್ತು ಗಾಬರಿ, ಅದಕ್ಕೆ ಟೈಮ್ ಬೇಕು. ಯಾವುದೇ ಆದ್ರೂ ಸರಿ ಹೋಯ್ತು ಅಂತ ಮತ್ತೆ ಕೆಳಗೆ ಹೋಗ್ಬೇಡಿ.

ಫ್ರೀಫ್ಲೋ ಆದ್ರೆ, ಅಂದ್ರೆ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಭರ್ರನೆ ಸುರಿಯೋಕೆ ಶುರುವಾದ್ರೆ, ಗಾಳಿ ಬರ್ತಾನೇ ಇದೆ, ಇದನ್ನ ನೆನಪಿಡಿ. ಮೌತ್‌ಪೀಸ್ ಸಡಿಲ ಹಿಡಿದು ಹೆಚ್ಚಿನ ಗಾಳಿ ಬಾಯಿ ಅಂಚಿಂದ ಹೋಗೋಕೆ ಬಿಟ್ಟು ಬೇಕಾದಷ್ಟು ಹೀರ್ಕೊಳ್ಳಿ, ಬಡಿ ಹತ್ರ ಹೋಗಿ ಅವನ ಎರಡನೇ ರೆಗ್ಯುಲೇಟರಿಗೆ ಬದಲಾಯಿಸಿ, ಮೇಲೆ ಹೊರಡಿ. ಕೆಲವೇ ನಿಮಿಷದಲ್ಲಿ ಸಿಲಿಂಡರ್ ಖಾಲಿ ಆಗ್ತದೆ, ಸರಿ ಮಾಡೋಕೆ ನಿಲ್ಲೋಹಾಗಿಲ್ಲ. ಆಗದೆ ಇರೋಕೆ, ಹೊರಗಿನ ಕೊರೆಯೋ ಗಾಳಿಯಲ್ಲಿ ರೆಗ್ಯುಲೇಟರಿಂದ ಸುಮ್ಮನೆ ಉಸಿರಾಡ್ಬೇಡಿ, ಕೆಳಗೆ ಸೂಟಿಗೆ ಬಿಸಿಡಿಗೆ ಗಾಳಿ ತುಂಬೋವಾಗ ಸಣ್ಣ ಸಣ್ಣ ಒತ್ತು ಕೊಡಿ, ಉಸಿರು ಎಳೀತಾ ಅದೇ ಕ್ಷಣ ಬಟನ್ ಒತ್ಬೇಡಿ.

ಹೆಜ್ಜೆ 8: ಮೇಲೆ ಬಂದ ಮೇಲೆ

ಕೆಳಗೆ ಬೆಚ್ಚಗಿದ್ದು ಮೇಲೆ ಬರೋವಾಗ ತಣ್ಣಗಾದ್ರೆ ಬೆಂಡ್ಸ್ (ನೈಟ್ರೋಜನ್ ಮೈಯೊಳಗೆ ಗುಳ್ಳೆ ಕಟ್ಟೋ ಕಾಯಿಲೆ) ಅಪಾಯ ಜಾಸ್ತಿ, ಯಾಕಂದ್ರೆ ಚಳಿಗೆ ರಕ್ತ ಓಡಾಟ ಕಮ್ಮಿಯಾಗಿ ನೈಟ್ರೋಜನ್ ಹೊರಗೆ ಹೋಗಲ್ಲ. ಅದಕ್ಕೆ ನಡುಕ ಶುರುವಾಗೋವರೆಗೆ ಕೆಳಗೆ ಇರಲೇಬೇಡಿ, ಡೈವ್ ಕಂಪ್ಯೂಟರ್ ತೋರ್ಸೋ ಮಿತಿಗಿಂತ ಬಹಳ ಮೊದಲೇ ಹೊರಡಿ. ಬಂದ ಕೂಡ್ಲೇ ಬಿಸಿಬಿಸಿ ಶವರ್ ಬೇಡ, ಒಣ ಬಟ್ಟೆ, ಟೋಪಿ, ಬಿಸಿ ಚಹಾ ಸಾಕು.

ಆಳ ಏರಿಸೋದು ಹೀಗೆ: ಮೊದಲ ಮೂರು ನಾಲ್ಕು ಡೈವ್ 10-12 ಮೀಟರ್ ಒಳಗೆ, ಉಸಿರು ಮೇಲಿನ ಹಾಗೇ ಇದ್ರೆ 18, ಅಲ್ಲೂ ಮೂರು ನಾಲ್ಕು ಆರಾಮ ಅನ್ನಿಸಿದ್ರೆ 25. 30 ಆ ಸೀಸನ್ನಲ್ಲೇ ಆಗ್ಬೇಕು ಅಂತೇನಿಲ್ಲ. ಲಾಗ್‌ಬುಕ್ಕಲ್ಲಿ ಆಳ, ಟೈಮ್ ಜೊತೆಗೆ ಎರಡು ಕಾಲಂ ಜಾಸ್ತಿ ಗೆರೆ ಹಾಕ್ಕೊಳ್ಳಿ, ಕೆಳಗಿನ ನೀರಿನ ಡಿಗ್ರಿ ಒಂದು, ನಿಮಿಷಕ್ಕೆ ಎಷ್ಟು ಲೀಟರ್ ಉಸಿರಾಡಿದ್ರಿ ಅನ್ನೋದು ಇನ್ನೊಂದು. ಎರಡನೇ ಕಾಲಂ ನೇತ್ರಾಣಿಯ ನಿಮ್ಮ ಲೆಕ್ಕದ ಹತ್ರ ಬಂದು ನಿಂತ ದಿನ ಮುಂದಿನ ಆಳಕ್ಕೆ ಹೋಗಿ. ಅಕ್ಕನ ಮಗನಿಗೆ ಹೊಸ ಲಾಗ್‌ಬುಕ್ ತಂದು ಈ ಎರಡು ಗೆರೆ ನಾನೇ ಹಾಕಿ ಇಟ್ಟಿದೀನಿ, ನಾಡಿದ್ದು ಸಿರ್ಸಿ ಬಸ್ಸಿಗೆ ಕೊಟ್ಟು ಕಳಿಸ್ತೀನಿ.